ಉತ್ತರ ಗೋಡೆಯ ಮಂಚಗಳು

೩ ಜುಲೈ ೨೦೦೬, ಸೋಮವಾರ

ಆಷಾಢ ಕಳೆಯಲಿ ಎಂದರು ಅಪ್ಪ. ನಮ್ಮ ಮ್ಯಾನೇಜರಿಗೆ ಆಷಾಢವೂ ಇಲ್ಲ, ಶ್ರಾವಣವೂ ಇಲ್ಲ. ಹನ್ನೊಂದು ವರ್ಷ ರೆಕಾರ್ಡ್ ರೂಮಿನಲ್ಲಿ ಹಳೆಯ ಕೇಸ್ ಶೀಟುಗಳ ಧೂಳು ಕುಡಿಯುತ್ತ ಕೂತಿದ್ದವಳನ್ನು ಎಬ್ಬಿಸಿ, ಇವತ್ತು ಹೆಂಗಸರ ವಾರ್ಡಿನ ಬಾಗಿಲಲ್ಲಿ ಮೇಜು ಹಾಕಿ ಕೂರಿಸಿದರು. ಮೊದಲು ವಾರ್ಡ್ ಕ್ಲರ್ಕ್ ಎನ್ನುತ್ತಿದ್ದ ಕೆಲಸಕ್ಕೆ ಈಗ ಯೂನಿಟ್ ಕೋಆರ್ಡಿನೇಟರ್ ಎಂದು ಹೆಸರು. ಮೂರು ತಿಂಗಳು ನೋಡುತ್ತಾರಂತೆ. ಸರಿ ಎನಿಸಿದರೆ ಸೆಪ್ಟೆಂಬರ್ ಕೊನೆಗೆ ಕಾಯಂ, ಇಲ್ಲದಿದ್ದರೆ ಮನೆ. ರೆಕಾರ್ಡ್ ರೂಮಿಗೆ ವಾಪಸ್ ಹೋಗುವ ಹಾಗಿಲ್ಲ, ನನ್ನ ಜಾಗದಲ್ಲಿ ಆಗಲೇ ಕಂಪ್ಯೂಟರ್ ಕೂತಿದೆ. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಈ ಚಿಕ್ಕಬಳ್ಳಾಪುರದಲ್ಲಿ ನನ್ನನ್ನು ಕರೆದು ಇನ್ನೊಂದು ಕೆಲಸ ಕೊಡುವವರು ಯಾರು?

ಕೆಲಸ ಕಷ್ಟವಲ್ಲ, ಆದರೆ ತಲೆ ಒಂದು ಕ್ಷಣ ಅತ್ತಿತ್ತ ಹೋಗುವಂತಿಲ್ಲ. ಡಾಕ್ಟರು ಕೇಸ್ ಶೀಟಿನಲ್ಲಿ ಗೀಚಿದ್ದನ್ನು ಓದಿ, ಯಾವ ಬೆಡ್ಡಿಗೆ ಯಾವ ಇಂಜೆಕ್ಷನ್ ಎಂದು ನರ್ಸುಗಳಿಗೆ ಪಟ್ಟಿ ಬರೆಯಬೇಕು. ಲ್ಯಾಬಿಗೆ ಚೀಟಿ, ಅಡುಗೆಮನೆಗೆ ಪಥ್ಯದ ಪಟ್ಟಿ, ಆಪರೇಷನ್ ಥಿಯೇಟರಿಗೆ ಹೆಸರು, ಡಿಸ್ಚಾರ್ಜ್ ಕಾಗದ, ಫೋನು. ಗೋಡೆಯ ಮೇಲೆ ಕಪ್ಪು ಬೋರ್ಡು, ಅದರಲ್ಲಿ ಒಂದರಿಂದ ಹದಿನಾರರವರೆಗೆ ಬೆಡ್ ನಂಬರು, ಎದುರಿಗೆ ಹೆಸರು. ಬೋರ್ಡಿನ ಕೆಳಗೆ ಹದಿನಾರು ಗೂಡಿನ ಮರದ ಕಪಾಟು, ಒಂದೊಂದರಲ್ಲಿ ಒಂದೊಂದು ಕೇಸ್ ಶೀಟು. ಇವತ್ತು ಹಳೆಯ ಬರಹವನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ನನ್ನ ಕೈಯಾರೆ ಗುಂಡಗೆ ಬರೆದೆ. ಬಂದುಹೋಗುವವರೆಲ್ಲ ನಿಂತು ನೋಡಿದರು.

ಇನ್‌ಚಾರ್ಜ್ ಸಿಸ್ಟರ್ ಕವಿತ, ಮೇಲೂರಿನವಳು, ಇಪ್ಪತ್ತೆಂಟಿರಬಹುದು. ಬಂದವಳೇ ನಕ್ಕಳು, ಕಾಫಿ ತರಿಸಿದಳು, ಮತ್ತೆ ನಕ್ಕಳು. ಇಷ್ಟು ನಗುವವರನ್ನು ನಾನು ನಂಬುವುದಿಲ್ಲ. ಮಧ್ಯಾಹ್ನ ಆಯಾ ಲಕ್ಷ್ಮಿದೇವಮ್ಮನ ಬಾಯಿಂದ ಕಾರಣ ತಿಳಿಯಿತು. ಕವಿತಳ ಚಿಕ್ಕಪ್ಪನ ಮಗಳು ಇದೇ ಕೆಲಸಕ್ಕೆ ಅರ್ಜಿ ಹಾಕಿದ್ದಳಂತೆ.

೬ ಜುಲೈ, ಗುರುವಾರ

ಸರ್ಜನ್ ಚನ್ನಕೇಶವ ಅವರ ಕೈಬರಹ ನೋಡಿ ನರ್ಸುಗಳೆಲ್ಲ ತಲೆ ಚಚ್ಚಿಕೊಳ್ಳುತ್ತಾರೆ. ಬೆಂಗಳೂರಿನಿಂದ ಶುಕ್ರವಾರ ಮಾತ್ರ ಬರುವವರು, ಕೇಳೋಣವೆಂದರೆ ಸಿಗುವುದಿಲ್ಲ. ನಾನು ಹನ್ನೊಂದು ವರ್ಷ ಅದನ್ನೇ ಓದಿದವಳು. ಇವತ್ತು ಮೂರು ಹಾಳೆ ಗಡಗಡ ಓದಿದ್ದು ಕೇಳಿ ಕವಿತ, "ಅದ್ಹೆಂಗೆ ಓದ್ತೀರಾ ಮೇಡಂ, ನನಗೂ ಸ್ವಲ್ಪ ಹೇಳಿಕೊಡಿ" ಎಂದಳು.

ಹೇಳಿಕೊಟ್ಟರೆ ನಾಳೆ ನಾನು ಯಾತಕ್ಕೆ ಬೇಕು? "ಅಭ್ಯಾಸ" ಎಂದೆ, ಅಷ್ಟೇ.

ಮೇಜಿನ ಮೇಲಿದ್ದ ಎರಡು ಸೀಮೆಸುಣ್ಣದಲ್ಲಿ ಒಂದು ಮಾಯವಾಗಿದೆ.

೧೦ ಜುಲೈ, ಸೋಮವಾರ

ಈ ವಾರ್ಡಿನಲ್ಲೊಂದು ವಿಚಿತ್ರ. ಒಂದರಿಂದ ಎಂಟರವರೆಗಿನ ಬೆಡ್‌ಗಳು ದಕ್ಷಿಣದ ಗೋಡೆಗೆ ತಲೆಮಾಡಿ ಇವೆ. ಒಂಬತ್ತರಿಂದ ಹದಿನಾರು ಉತ್ತರದ ಗೋಡೆಗೆ. ಆ ಸಾಲಿನಲ್ಲಿ ಹಾಕಿದರೆ ಹೆಂಗಸರು ಅಳುತ್ತಾರೆ. ಕೆಲವರು ದಿಂಬನ್ನು ಕಾಲ ಕಡೆಗೆ ಹಾಕಿಕೊಂಡು ತಿರುಗಿ ಮಲಗುತ್ತಾರೆ. ಆದರೆ ಗ್ಲೂಕೋಸ್ ಬಾಟಲಿ ತೂಗುಹಾಕುವ ಕೊಕ್ಕೆ ಇರುವುದು ಗೋಡೆಯಲ್ಲಿ, ಡಾಕ್ಟರು ಬೈದು ಮತ್ತೆ ನೆಟ್ಟಗೆ ಮಲಗಿಸುತ್ತಾರೆ.

ಲಕ್ಷ್ಮಿದೇವಮ್ಮ ನನ್ನ ಮೇಜಿಗೆ ಒರಗಿಕೊಂಡು, "ಉತ್ತರಕ್ಕೆ ತಲೆ ಹಾಕಿ ಮಲಗಿಸೋದು ಹೆಣಾನ ಕಣಮ್ಮ. ಜೀವ ಇರೋರ್‍ನ ಹಂಗೆ ಮಲಗಿಸಿದ್ರೆ ನಿದ್ದೆ ಎಲ್ಲಿ ಬತ್ತದೆ? ಒಸಿ ಆ ಕಡೆಯೋರು ಈ ಕಡೆ ಬರಂಗೆ ಮಾಡಿ" ಎಂದಳು.

ನಾನು ಮ್ಯಾನೇಜರ್ ಗಣೇಶ್ ಪ್ರಸಾದರ ಸುತ್ತೋಲೆ ತೋರಿಸಿದೆ. ಲಿಖಿತ ಅನುಮತಿ ಇಲ್ಲದೆ ಬೆಡ್ ಬದಲಾಯಿಸುವಂತಿಲ್ಲ. ಮೂಢನಂಬಿಕೆಗೆಲ್ಲ ಆಸ್ಪತ್ರೆ ಕುಣಿಯಲು ಆಗುತ್ತದೆಯೇ?

ಮನೆಯಲ್ಲಿ ನಾನು ಪೂರ್ವಕ್ಕೆ ತಲೆ ಹಾಕಿ ಮಲಗುತ್ತೇನೆ. ಅದು ಬೇರೆ. ಮಂಚ ಹಾಕಿದ್ದು ಅಪ್ಪ.

೧೯ ಜುಲೈ, ಬುಧವಾರ

ನಾನು ಹೇಳಲಿಲ್ಲವೇ!

ಆರನೇ ಬೆಡ್ಡಿಗೆ ರಕ್ತಪರೀಕ್ಷೆಯ ಚೀಟಿ ಬರೆದಿದ್ದೆ. ಲ್ಯಾಬಿನವರು ಹೋಗಿ ಆರನೇ ಬೆಡ್ಡಿನ ರಕ್ತವನ್ನೇ ತೆಗೆದಿದ್ದಾರೆ. ರಿಪೋರ್ಟ್ ನೋಡಿದ ಡಾಕ್ಟರು, ಈಕೆಗೆ ಇಷ್ಟು ರಕ್ತ ಎಲ್ಲಿಂದ ಬಂತು, ನಿನ್ನೆ ತಾನೇ ಬಿಳಿಚಿಕೊಂಡಿದ್ದಳಲ್ಲ ಎಂದರು. ನೋಡಿದರೆ ಅದು ಹದಿನಾಲ್ಕನೆಯವಳ ರಕ್ತವಂತೆ. ಮ್ಯಾನೇಜರ್ ಎಲ್ಲರೆದುರು, "ಒಂದು ಚೀಟಿ ಸರಿಯಾಗಿ ಬರೆಯೋಕೆ ಬರಲ್ವಾ ನಿಮಗೆ?" ಎಂದು ಕೇಳಿದರು.

ಬೋರ್ಡಿನ ಮುಂದೆ ಹೋಗಿ ನಿಂತೆ. ಆರು ಮತ್ತು ಹದಿನಾಲ್ಕರ ಹೆಸರುಗಳು ಅದಲುಬದಲಾಗಿದ್ದವು. ಅಕ್ಷರ ನನ್ನದಲ್ಲ. ಕಾಗೆ ಕಾಲಿನ ಹಾಗೆ ಸೊಟ್ಟ ಅಕ್ಷರ, ಕವಿತಳದು. ನಾನು ಚೀಟಿ ಬರೆದ ಮೇಲೆ ಯಾವಾಗಲೋ ತಿದ್ದಿದ್ದಾಳೆ. ಕಳೆದುಹೋದ ಸೀಮೆಸುಣ್ಣ ಎಲ್ಲಿಗೆ ಹೋಯಿತು ಎಂದು ಈಗ ಗೊತ್ತಾಯಿತು.

ಎರಡು ಪುಟದ ದೂರು ಬರೆದು ಮ್ಯಾನೇಜರಿಗೆ ಕೊಟ್ಟೆ. ಒಂದೂ ತಿದ್ದಿಲ್ಲದ ಹಾಗೆ ಬರೆದೆ.

೨೧ ಜುಲೈ, ಶುಕ್ರವಾರ

ಕವಿತಳಿಗೆ ಮೆಮೊ ಬಂತು. ಇನ್ನು ಮುಂದೆ ಬೋರ್ಡು ಮುಟ್ಟಬಾರದು ಎಂದು. ಸಂಜೆ ನನ್ನ ಬಳಿ ಬಂದು ನಿಂತಳು. ನಗು ಇರಲಿಲ್ಲ.

"ಮೇಡಂ, ಬೋರ್ಡ್ ನೋಡಿ ಬರೀಬೇಡಿ. ದಿನಾ ಬೆಳಿಗ್ಗೆ ಒಂದ್ಸಲ ಬೆಡ್ ಹತ್ರ ಹೋಗಿ ಬನ್ನಿ. ಯಾರಿದ್ದಾರೆ ನೋಡಿ. ಅಷ್ಟೇ ನಾನು ಹೇಳೋದು."

ನನ್ನ ಕೆಲಸ ನನಗೇ ಹೇಳಿಕೊಡುತ್ತಾಳೆ! ನನ್ನನ್ನು ಮೇಜಿನಿಂದ ಎಬ್ಬಿಸಿ ದೂರ ಕಳಿಸಿದರೆ ಬೋರ್ಡು ತಿದ್ದಲು ಸುಲಭ. ಇಷ್ಟೂ ತಿಳಿಯದವಳೇ ನಾನು?

ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದೆ. "ಹದಿನಾಲ್ಕನೆಯವಳ ರಕ್ತ ಆರನೆಯವಳಿಗೆ ಬರೆದುಬಿಟ್ಟರು" ಎಂದೆ. ನಲವತ್ತು ವರ್ಷ ಮೇಷ್ಟರಾಗಿದ್ದವರು, ಅನ್ನ ಕಲಸುವುದು ನಿಲ್ಲಿಸಿ, "ಹದಿನಾಲ್ಕು ಅಂದ್ರೆ ಯಾರಮ್ಮಾ?" ಎಂದು ಕೇಳಿದರು. ಅಪ್ಪನಿಗೆ ಇತ್ತೀಚೆಗೆ ಹೇಳಿದ್ದು ಸರಿಯಾಗಿ ಅರ್ಥವಾಗುವುದಿಲ್ಲ.

೨೮ ಜುಲೈ, ಶುಕ್ರವಾರ

ಚಿಕುನ್‌ಗುನ್ಯಾ. ಹದಿನಾರೂ ಭರ್ತಿ, ವರಾಂಡದಲ್ಲಿ ಚಾಪೆ. ಎಲ್ಲರೂ ಮುದುಕಿಯರ ಹಾಗೆ ಗೋಡೆ ಹಿಡಿದು ನಡೆಯುತ್ತಾರೆ.

ಬೋರ್ಡಿನಲ್ಲಿ ಪ್ರತಿ ಹೆಸರಿನ ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿ ಇಡುತ್ತಿದ್ದೇನೆ. ಬೇರೆಯವರು ಒರೆಸಿ ಬರೆದರೆ ಚುಕ್ಕಿ ಇರುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಣಿಸುತ್ತೇನೆ. ಇವತ್ತಿನವರೆಗೆ ಹದಿನಾರು ಇವೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ.

೩ ಆಗಸ್ಟ್, ಗುರುವಾರ

ಸಿಕ್ಕಿಬಿದ್ದಳು.

ನಾಳೆ ವರಮಹಾಲಕ್ಷ್ಮಿ ಹಬ್ಬ. ಕವಿತ ರಜೆ ಹಾಕಿ ಐದು ಗಂಟೆಗೇ ಮೇಲೂರಿಗೆ ಹೊರಟಳು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಏನೋ ಹೇಳಲು ಬಂದಳು. ನಾನು ಫೋನಿನಲ್ಲಿ ರಕ್ತನಿಧಿಯವರ ಜೊತೆ ಮಾತನಾಡುತ್ತಿದ್ದೆ, ತಲೆ ಎತ್ತಲಿಲ್ಲ. ಬೋರ್ಡಿನ ಕಡೆ ಕೈ ತೋರಿಸಿ ಹೋದಳು. ಬಸ್ಸಿಗೆ ಹೊತ್ತಾಗಿತ್ತೇನೋ.

ಫೋನ್ ಇಟ್ಟು ಬೋರ್ಡು ನೋಡಿದೆ. ಹದಿನಾಲ್ಕೇ ಚುಕ್ಕಿ! ನಾಲ್ಕು ಮತ್ತು ಹನ್ನೆರಡು ಬದಲಾಗಿವೆ. ನಾಲ್ಕು ಮುನಿಗಂಗಮ್ಮ, ಸಾದಲಿ, ಪಿತ್ತಕೋಶದ ಕಲ್ಲು, ನಾಳೆ ಒಂಬತ್ತಕ್ಕೆ ಆಪರೇಷನ್, ಇವತ್ತು ರಾತ್ರಿಯಿಂದ ಏನೂ ತಿನ್ನಬಾರದು. ಹನ್ನೆರಡು ಪೆದ್ದಮ್ಮ, ತೊಂಡೇಬಾವಿ, ಸಕ್ಕರೆ ಕಾಯಿಲೆ, ಕಾಲಲ್ಲಿ ಹುಣ್ಣು, ತಿಂಡಿಗೆ ಮುಂಚೆ ಇನ್ಸುಲಿನ್. ಅದನ್ನು ತಿರುವಿ, ನಾಲ್ಕಕ್ಕೆ ಪೆದ್ದಮ್ಮ, ಹನ್ನೆರಡಕ್ಕೆ ಮುನಿಗಂಗಮ್ಮ ಎಂದು ಬರೆದಿದ್ದಾಳೆ. ಗೂಡಿನಲ್ಲಿದ್ದ ಕೇಸ್ ಶೀಟುಗಳನ್ನೂ ಬದಲಾಯಿಸಿದ್ದಾಳೆ. ಆಪರೇಷನ್ ಇರುವ ದಿನವೇ ನೋಡಿ ಇಟ್ಟ ಬತ್ತಿ. ನಾಳೆ ತಾನು ಊರಿನಲ್ಲಿ ಹೋಳಿಗೆ ತಿನ್ನುತ್ತಿರುತ್ತಾಳೆ, ಇಲ್ಲಿ ನನ್ನ ಮರ್ಯಾದೆ ಹೋಗುತ್ತಿರುತ್ತದೆ.

ಆತುರಪಡಲಿಲ್ಲ. ಎದ್ದು ಹೋಗಿ ನೋಡಿಯೂ ಬಂದೆ. ನಾಲ್ಕರಲ್ಲಿ ಒಬ್ಬಳು ಮುಸುಕು ಹಾಕಿಕೊಂಡು ಮಲಗಿದ್ದಳು, ಹನ್ನೆರಡರಲ್ಲಿ ಒಬ್ಬಳು. ಸರಿಯಾಗಿದೆ.

ಬೋರ್ಡು ಒರೆಸಿ ಮೊದಲಿದ್ದ ಹಾಗೆಯೇ ಬರೆದೆ. ಕೇಸ್ ಶೀಟುಗಳನ್ನು ಅವುಗಳ ಗೂಡಿಗೆ ಸೇರಿಸಿದೆ. ಬೆಳಗಿನ ಪಟ್ಟಿ, ಅಡುಗೆಮನೆಯ ಪಟ್ಟಿ, ಥಿಯೇಟರಿನ ಪಟ್ಟಿ ಎಲ್ಲ ಬರೆದು ಮುಗಿಸಿ, ಹದಿನಾರು ಚುಕ್ಕಿ ಎಣಿಸಿ, ಯಾರಿಗೂ ಒಂದು ಮಾತು ಹೇಳದೆ ಆರೂವರೆಗೆ ಹೊರಟೆ. ಬರುವಾಗ ಮಾರ್ಕೆಟ್ಟಿನಲ್ಲಿ ಸೇವಂತಿಗೆ ಕೊಂಡೆ. ಬಹಳ ದಿನಗಳ ಮೇಲೆ ಮನಸ್ಸು ಹಗುರವಾಗಿತ್ತು.

೪ ಆಗಸ್ಟ್, ಶುಕ್ರವಾರ

ನಡೆದ ಹಾಗೆಯೇ ಬರೆಯುತ್ತೇನೆ.

ಕಳಶಕ್ಕೆ ಹೂವಿಟ್ಟು ಎಂಟೂವರೆಗೆ ವಾರ್ಡಿಗೆ ಹೋದೆ. ಕವಿತಳ ಬದಲು ಮಕ್ಕಳ ವಾರ್ಡಿನಿಂದ ತನುಜ ಎಂಬ ನರ್ಸು ಬಂದಿದ್ದಳು. ನನ್ನ ಪಟ್ಟಿ ಅವಳ ಕೈಯಲ್ಲಿತ್ತು. "ಎಷ್ಟು ನೀಟಾಗಿ ಬರೆದಿದ್ದೀರಾ ಮೇಡಂ, ಯಾರನ್ನೂ ಏನೂ ಕೇಳೋದೇ ಬೇಕಾಗ್ಲಿಲ್ಲ" ಎಂದಳು. ನಾನು ಉಬ್ಬಿದೆ.

ಅಷ್ಟರಲ್ಲಿ ಥಿಯೇಟರಿನವರು ತಳ್ಳುಗಾಡಿ ತಂದು ನಾಲ್ಕನೇ ಬೆಡ್ಡಿನ ಪಕ್ಕ ನಿಲ್ಲಿಸಿದರು. ಮಲಗಿದ್ದ ಮುದುಕಿ ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಾಕೆಂದುಕಮ್ಮಾ ಆಪರೇಷನು? ನಾ ಕಾಲು ಚೂಡು, ಕಾಲು" ಎಂದು ತೆಲುಗಿನಲ್ಲಿ ಕೂಗಿದಳು, ನನಗೇಕೆ ಆಪರೇಷನ್, ನನ್ನ ಕಾಲು ನೋಡು ಎಂದು. ಬೆಳಗಿನಿಂದ ತಿಂಡಿಯನ್ನೂ ಕೊಟ್ಟಿಲ್ಲ ಎಂದು ಅತ್ತಳು. ಥಿಯೇಟರಿನವರು ನನ್ನ ಮುಖ ನೋಡಿದರು. ನಾನು ಬೋರ್ಡು ತೋರಿಸಿದೆ. ಹೆದರಿಕೆಗೆ ಹೀಗೆಲ್ಲ ಆಡುತ್ತಾರೆ, ಕರೆದುಕೊಂಡು ಹೋಗಿ ಎಂದೆ. ನಾನೇ ಎಂದೆ.

ಆಗ ಎದುರು ಸಾಲಿನಿಂದ ಲಕ್ಷ್ಮಿದೇವಮ್ಮ ಕಿರುಚಿದಳು. "ಅಯ್ಯೋ ದೇವುಡಾ, ಬನ್ರಮ್ಮ, ಈಯಮ್ಮ ನೋಡ್ರಿ!"

ಹನ್ನೆರಡನೇ ಬೆಡ್ಡಿನ ಹೆಂಗಸು ನೆಂದು ತೊಪ್ಪೆಯಾಗಿದ್ದಳು. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು, ಕೈ ಕಾಲು ಅದುರುತ್ತಿದ್ದವು, ಕಣ್ಣು ಎಲ್ಲೋ ನೋಡುತ್ತಿತ್ತು. ತಲೆಯ ಬಳಿ ಸ್ಟೂಲಿನ ಮೇಲೆ ಮುಟ್ಟದ ಇಡ್ಲಿ. ಮುದುಕಿಯಲ್ಲ. ನಲವತ್ತೈದರ ಗಟ್ಟಿ ಹೆಂಗಸು. ಕಾಲಿನಲ್ಲಿ ಹುಣ್ಣಿರಲಿಲ್ಲ.

"ನಿನ್ನ ಹೆಸರೇನಮ್ಮಾ?" ಎಂದು ಕೇಳಿದೆ. ಅವಳ ಕೆನ್ನೆ ತಟ್ಟಿ ಮತ್ತೆ ಕೇಳಿದೆ. "ಹೆಸರು ಹೇಳಮ್ಮಾ, ಹೆಸರು."

ತುಟಿ ಅಲ್ಲಾಡಿತು. "ಮುನಿಗಂಗಮ್ಮ... ಸಾದಲಿ."

ಆಪರೇಷನ್ನಿಗೆಂದು ರಾತ್ರಿಯಿಂದ ಹನಿ ನೀರೂ ಕುಡಿಯದ, ಸಕ್ಕರೆ ಕಾಯಿಲೆಯೇ ಇಲ್ಲದ ಹೆಂಗಸಿಗೆ ಇನ್ಸುಲಿನ್ ಕೊಟ್ಟಾಗಿತ್ತು. ನಾನು ಡ್ಯೂಟಿ ಡಾಕ್ಟರ ಕೋಣೆಗೆ ಓಡಿದೆ. ಹನ್ನೊಂದು ವರ್ಷ ಕೂತು ಕೆಲಸ ಮಾಡಿದವಳು ಓಡಿದೆ. ಡಾಕ್ಟರು ಬಂದು ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟರು, ಒಂದು, ಎರಡು. ಕಾಲು ಗಂಟೆಗೆ ಅವಳ ಕಣ್ಣು ತಿಳಿಯಾಯಿತು. "ನನ್ನ ಕರ್ಕೊಂಡ್ ಹೋಗ್ಲಿಲ್ವಾ ಇನ್ನೂ?" ಎಂದಳು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಹೋಗುತ್ತಿದ್ದಳು ಎಂದು ಡಾಕ್ಟರು ಹೇಳಿದರು. ತಳ್ಳುಗಾಡಿ ಖಾಲಿಯಾಗಿಯೇ ವಾಪಸ್ ಹೋಯಿತು.

ಆಮೇಲೆ ಲಕ್ಷ್ಮಿದೇವಮ್ಮ ಎಲ್ಲ ಬಿಡಿಸಿ ಹೇಳಿದಳು. ಪೆದ್ದಮ್ಮ ಉತ್ತರದ ಸಾಲಿನಲ್ಲಿ ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲವಂತೆ, ಯಮ ಬಂದು ತಲೆಯ ಹತ್ತಿರ ಕೂತಿದ್ದಾನೆ ಎಂದು ಅಳುತ್ತಿದ್ದಳಂತೆ. ನಿನ್ನೆ ಮಧ್ಯಾಹ್ನ ಮುನಿಗಂಗಮ್ಮನೇ ಎದ್ದು, "ನಂಗೇನೂ ಆಗಲ್ಲ, ನೀನು ಇಲ್ಲಿ ಮಲಕ್ಕೊ ಅವ್ವ" ಎಂದು ತನ್ನ ಜಾಗ ಬಿಟ್ಟುಕೊಟ್ಟು ಹನ್ನೆರಡಕ್ಕೆ ಹೋದಳಂತೆ. ಕವಿತ ನೋಡಿ, ಬೈದು, ಬೋರ್ಡಿನಲ್ಲಿ ಬರೆದಳಂತೆ.

ಹೀಗೆ ಬದಲಾಯಿಸಿಕೊಳ್ಳುವುದು ಮೊದಲಿನಿಂದಲೂ ಉಂಟಂತೆ. ಆರು ಮತ್ತು ಹದಿನಾಲ್ಕೂ ಹಾಗೆಯೇ. ನನಗೆ ಯಾರೂ ಹೇಳಲಿಲ್ಲ. ಹೇಳಬೇಕಿತ್ತು.

೫ ಆಗಸ್ಟ್, ಶನಿವಾರ

ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ. ಮೇಲೂರಿನಿಂದ ಕವಿತಳನ್ನು ಕರೆಸಿದ್ದರು.

"ಬೋರ್ಡ್ ಮೇಲೆ ಬರೆದಿದ್ದೆ ಸಾರ್. ಕೇಸ್ ಶೀಟೂ ಬದಲಾಯಿಸಿದ್ದೆ" ಎಂದಳು.

"ಎಲ್ಲಿದೆ ಬರೆದಿರೋದು? ಬೋರ್ಡ್ ಇಡೀ ಪಂಕಜ ಅವರ ಅಕ್ಷರ ಇದೆ." ಮ್ಯಾನೇಜರ್ ನನ್ನ ಕಡೆ ತಿರುಗಿದರು. "ನೀವು ನೋಡಿದ್ರಾ ಇವರು ಬರೆದಿದ್ದನ್ನ?"

"ಇಲ್ಲ ಸಾರ್" ಎಂದೆ.

ಎರಡು ಪದ. ಬಾಯಿಂದ ತಾವೇ ಬಂದವು. ಕವಿತ ನನ್ನನ್ನು ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ.

೭ ಆಗಸ್ಟ್, ಸೋಮವಾರ

ಕವಿತಳನ್ನು ಸಸ್ಪೆಂಡ್ ಮಾಡಿದ್ದಾರೆ. ಮ್ಯಾನೇಜರ್ ನನ್ನನ್ನು ಕರೆದು, "ನೀವು ಜುಲೈನಲ್ಲೇ ಎಚ್ಚರಿಸಿದ್ರಿ. ನಿಮ್ಮ ದೂರು ಫೈಲಲ್ಲಿದೆ. ಇಂಥವರು ಬೇಕು ನಮಗೆ" ಎಂದರು.

ಬೋರ್ಡು ಈಗ ಯಾರೂ ಮುಟ್ಟುವುದಿಲ್ಲ. ಹದಿನಾರು ಚುಕ್ಕಿ.

ಲಕ್ಷ್ಮಿದೇವಮ್ಮ ಕಾಫಿ ತಂದಾಗ ಲೋಟವನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟಳು. ಅವಳಿಗೆ ಗೊತ್ತಿರಬಹುದೇ? ಗುರುವಾರ ಸಂಜೆ ಅವಳು ಬಾಗಿಲ ಹತ್ತಿರ ಗುಡಿಸುತ್ತಿದ್ದಳೇ?

೮ ಆಗಸ್ಟ್, ಮಂಗಳವಾರ

ಎಲ್ಲರಿಗೂ ಗೊತ್ತಿದೆ ಎನಿಸುತ್ತದೆ. ಫೋನ್ ರಿಂಗಾದರೂ ಬೆಚ್ಚುತ್ತೇನೆ.

೯ ಆಗಸ್ಟ್, ಬುಧವಾರ

ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕಿಸಲು ಉತ್ತರದ ಸಾಲಿಗೆ ಹೋಗಬೇಕಾಯಿತು. ಮುನಿಗಂಗಮ್ಮ ಇನ್ನೂ ಹನ್ನೆರಡರಲ್ಲೇ ಇದ್ದಾಳೆ, ಆಪರೇಷನ್ ಬರುವ ಶುಕ್ರವಾರಕ್ಕೆ ಹೋಗಿದೆ. ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಏಕೆ ಹಿಡಿದಳೋ ಎಂದು ನನಗೆ ಭಯವಾಯಿತು.

"ನೀವೇ ಅಲ್ವೇನಮ್ಮ ಅವತ್ತು ನನ್ನ ಹೆಸರು ಕೇಳಿದ್ದು? ಇಲ್ಲಿಗೆ ಬಂದು ಹತ್ತು ದಿನ ಆಯ್ತು, ಎಲ್ರೂ ನಾಕು ಅಂತಾರೆ, ಹನ್ನೆಲ್ಡು ಅಂತಾರೆ. ನೀವು ಹೆಸರು ಕೇಳಿದ್ದಕ್ಕೆ ನನ್ನ ಜೀವ ಉಳೀತು. ನನ್ನ ಮಗಳಿಗೂ ಹೇಳಿದೀನಿ."

ಏನು ಹೇಳಲಿ? ತಪ್ಪಿಸಿಕೊಳ್ಳಲು ಊರಿನಲ್ಲಿ ಏನು ಕೆಲಸ ಎಂದು ಕೇಳಿದೆ. ಐವತ್ತು ತಟ್ಟೆ ರೇಷ್ಮೆ ಹುಳು ಸಾಕುತ್ತಾಳೆ, ಮೂರನೇ ಸಲ ಪೊರೆ ಬಿಟ್ಟು ಜ್ವರ ಎದ್ದಿವೆಯಂತೆ, ಮಗಳು ಸೊಪ್ಪು ಹಾಕುತ್ತಿದ್ದಾಳಂತೆ. ಬೇರೆ ಬೇರೆ ದಿನ ಮೊಟ್ಟೆಯೊಡೆದ ಹುಳುಗಳು ಬೆರೆತುಹೋಗುವುದಿಲ್ಲವೇ ಎಂದೆ.

"ತಟ್ಟೆಗೆ ಚೀಟಿ ಕಟ್ಟಿರ್ತೀವಲ್ಲ" ಎಂದಳು. "ಸ್ಟ್ಯಾಂಡಿಗೆ ಕಟ್ಟಲ್ಲ, ತಟ್ಟೆಗೆ. ಇಲಿ ಅಂತ, ಬಿಸಿಲು ಅಂತ, ದಿನಾ ತಟ್ಟೆ ಅಲ್ಲಿಂದ ಇಲ್ಲಿಗೆ ಇಡ್ತಾನೇ ಇರ್ತೀವಿ. ತಟ್ಟೆ ಎಲ್ಲಿಗೆ ಹೋದ್ರೂ ಚೀಟಿ ಅದ್ರ ಜೊತೇಗೇ ಹೋಗ್ತದೆ. ಇಲ್ಲಿ ನೀವು ಗೋಡೆಗೆ ನಂಬರ್ ಬರ್‍ಕೊಂಡಿದೀರಾ."

ಅವಳು ನಗುತ್ತಲೇ ಹೇಳಿದಳು. ಇವಳೂ ಚುಚ್ಚುತ್ತಿದ್ದಾಳೆಯೇ ಎಂದು ಅವಳ ಮುಖ ನೋಡಿದೆ. ಇಲ್ಲ. ಅವಳ ಬಲಗೆನ್ನೆಯ ಮೇಲೆ ಒಂದು ಮಚ್ಚೆ ಇದೆ. ಪೆದ್ದಮ್ಮನಿಗೆ ಮುಂದಿನ ಎರಡು ಹಲ್ಲಿಲ್ಲ, ಎಲೆ ಅಡಿಕೆ ಕುಟ್ಟುವ ಪುಟ್ಟ ಒರಳು ದಿಂಬಿನ ಕೆಳಗಿದೆ. ಎಳ್ಳಷ್ಟೂ ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಮುಸುಕು ಒಂದಿಷ್ಟು ಸರಿಸಿದ್ದರೆ ಅವತ್ತೇ ಕಾಣುತ್ತಿತ್ತು.

೧೦ ಆಗಸ್ಟ್, ಗುರುವಾರ

ಇವತ್ತು ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಮುನಿಗಂಗಮ್ಮ ಯಾರು, ಪೆದ್ದಮ್ಮ ಯಾರು, ಬೋರ್ಡು ಒರೆಸಿದ್ದು ಯಾರು, "ಇಲ್ಲ ಸಾರ್" ಎಂದದ್ದು ಯಾರು. ಅಪ್ಪ ಈ ಸಲ ಒಂದೂ ಪ್ರಶ್ನೆ ಕೇಳಲಿಲ್ಲ. ಎದ್ದು ಹೋಗಿ ಪೆನ್ನಿಗೆ ಇಂಕು ತುಂಬಿಸಿಕೊಂಡು ಬಂದು ನನ್ನ ಮುಂದೆ ಇಟ್ಟರು.

ನಾಚಿಕೆಯಾಯಿತು. ಅವರ ಮುಂದೆ ಕೂತು ಬರೆಯಲು ಆಗದೆ, ಆಸ್ಪತ್ರೆಗೆ ಹೋಗಿ ಬರೆದೆ. ಮೂರನೇ ತಾರೀಖು ಸಂಜೆ ಐದಕ್ಕೆ ಮುಂಚೆಯೇ ಸಿಸ್ಟರ್ ಕವಿತ ಬೋರ್ಡಿನಲ್ಲಿ ಸರಿಯಾಗಿ ಬರೆದಿದ್ದರು, ಅದನ್ನು ಒರೆಸಿದವಳು ನಾನು, ಕೇಸ್ ಶೀಟುಗಳನ್ನು ಬದಲಾಯಿಸಿದವಳೂ ನಾನು, ಕೇಳಿದಾಗ ಸುಳ್ಳು ಹೇಳಿದೆ. ನಾಲ್ಕೇ ಸಾಲು. ಎರಡು ಕಡೆ ಚಿತ್ತಾಯಿತು. ಹಾಗೆಯೇ ಕೊಟ್ಟೆ.

ಮ್ಯಾನೇಜರ್ ಎರಡು ಸಲ ಓದಿದರು. "ಯಾಕ್ರೀ ಬರೆದ್ರಿ ಇದನ್ನ? ಯಾರೂ ಕೇಳಿರ್‍ಲಿಲ್ವಲ್ಲ" ಎಂದರು.

೧೬ ಆಗಸ್ಟ್, ಬುಧವಾರ

ಕವಿತ ಕೆಲಸಕ್ಕೆ ಬಂದಳು. ನನಗೆ ಮೆಮೊ. ಕಾಯಂ ಮಾಡುವುದು ಆರು ತಿಂಗಳು ಮುಂದಕ್ಕೆ ಹೋಗಿದೆ. ಅಷ್ಟರಲ್ಲಿ ಇನ್ನೊಂದು ತಪ್ಪಾದರೆ ಮನೆಗೆ. ಮನೆಗೇ ಕಳಿಸುತ್ತಾರೆ ಎಂದುಕೊಂಡಿದ್ದೆ. ಡಾಕ್ಟರುಗಳ ಕೈಬರಹ ಓದುವವರು ಬೇರೆ ಸಿಕ್ಕಿರಲಿಕ್ಕಿಲ್ಲ.

ಕವಿತ ನನ್ನ ಜೊತೆ ಮಾತನಾಡುವುದಿಲ್ಲ. ಪಟ್ಟಿ ತೆಗೆದುಕೊಂಡು ಹೋಗುತ್ತಾಳೆ, ತಂದಿಡುತ್ತಾಳೆ. ನಕ್ಕರೆ ಸಾಕು ಎನಿಸುತ್ತದೆ. ಮೊದಲು ನಕ್ಕಾಗ ನಾನೇನು ಮಾಡಿದೆ?

ಮುನಿಗಂಗಮ್ಮನ ಆಪರೇಷನ್ ಶುಕ್ರವಾರ ಚೆನ್ನಾಗಿ ಆಯಿತು. ಕಲ್ಲುಗಳನ್ನು ಸೀಸೆಯಲ್ಲಿ ಹಾಕಿಸಿಕೊಂಡಿದ್ದಾಳೆ, ಬಂದವರಿಗೆಲ್ಲ ತೋರಿಸುತ್ತಾಳೆ. ಹೋಗಿ ಅವಳಿಗೂ ನಿಜ ಹೇಳಿದೆ. ಸೀಸೆಯನ್ನು ಸೆರಗಿನೊಳಗೆ ಇಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಹೇಳಬಾರದಿತ್ತೇನೋ. ಗೊತ್ತಿಲ್ಲ.

೨೨ ಆಗಸ್ಟ್, ಮಂಗಳವಾರ

ಇವತ್ತಿನಿಂದ ಹೊಸ ಕ್ರಮ. ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರಿನ ಪಟ್ಟಿ ಕತ್ತರಿಸಿ, ಅದರ ಮೇಲೆ ಹೆಸರು, ಊರು ಬರೆದು ಪ್ರತಿಯೊಬ್ಬರ ಮಣಿಕಟ್ಟಿಗೆ ಸುತ್ತುತ್ತೇನೆ. ಯಾವ ಮಂಚಕ್ಕೆ ಹೋದರೂ ಹೆಸರು ಕೈಯಲ್ಲೇ ಇರುತ್ತದೆ. ಇಂಜೆಕ್ಷನ್ನಿಗೆ ಮುಂಚೆ ಹೆಸರು ಕೇಳಬೇಕು, ಪಟ್ಟಿಯನ್ನೂ ನೋಡಬೇಕು, ಗೊತ್ತಿದ್ದರೂ ಕೇಳಬೇಕು. ಉತ್ತರದ ಸಾಲಿನವರು ಬದಲಾಯಿಸಿಕೊಳ್ಳಬೇಕೆಂದರೆ ನನಗೆ ಹೇಳಿದರೆ ಸಾಕು. ಮ್ಯಾನೇಜರ್ ಗೊಣಗಿಕೊಂಡೇ ಸಹಿ ಹಾಕಿದರು.

ಬೆಳಿಗ್ಗೆ ಎಂಟರಿಂದ ಒಂಬತ್ತು ಗಂಟೆಯವರೆಗೆ ಮಂಚದಿಂದ ಮಂಚಕ್ಕೆ ಹೋದೆ. ಹೆಂಗಸರಿಗೆ ಇದು ಯಾವುದೋ ರಕ್ಷೆ ಕಟ್ಟಿದ ಹಾಗಾಗಿದೆ. ಮುಖ ತೊಳೆಯುವಾಗ ನೆನೆಯದ ಹಾಗೆ ಕೈ ಮೇಲೆತ್ತಿಕೊಳ್ಳುತ್ತಾರೆ. ಇವತ್ತು ಮನೆಗೆ ಹೊರಟ ಮುನಿಗಂಗಮ್ಮನ ಕೈಗೂ ಸುತ್ತಿದ್ದೆ. ಬಿಚ್ಚಲು ಹೋದರೆ, "ಇರ್‍ಲಿ ಬಿಡಮ್ಮ, ನನ್ನ ಮಗಳಿಗೆ ತೋರುಸ್ಬೇಕು" ಎಂದಳು. ಹೋಗುವಾಗ ಹೋಗಿಬರ್ತೀನಿ ಎಂದು ನನ್ನ ಕಡೆ ತಿರುಗಿಯೇ ಹೇಳಿದಳು.

ಕವಿತ ದೂರದಿಂದ ನೋಡುತ್ತಿದ್ದಳು. ಅವಳ ಮನಸ್ಸಿನಲ್ಲಿ ಏನಿತ್ತೋ.

೨೯ ಆಗಸ್ಟ್, ಮಂಗಳವಾರ

ಚನ್ನಕೇಶವ ಅವರ ಹಾಳೆ ಹಿಡಿದುಕೊಂಡು ಕವಿತ ಮೇಜಿನ ಮುಂದೆ ನಿಂತಿದ್ದಳು, ಏನೂ ಕೇಳದೆ. ಇನ್ನೊಂದು ಕುರ್ಚಿ ಎಳೆದೆ. ಕೂತಳು. ಅವರು ದಿನಕ್ಕೆ ಎರಡು ಸಲ ಎನ್ನುವುದನ್ನು ಹೇಗೆ ಬರೆಯುತ್ತಾರೆ, ಮೂರು ಸಲವನ್ನು ಹೇಗೆ, ಎಲ್ಲಿ ಬಾಲ ಎಳೆಯುತ್ತಾರೆ, ಎಲ್ಲ ತೋರಿಸಿದೆ. ಒಂದು ಗಂಟೆ ಹಿಡಿಯಿತು.

ಬೋರ್ಡಿನಲ್ಲಿ ಚುಕ್ಕಿ ಇಡುವುದು ಮರೆತೇಹೋಗಿದೆ.

೧೧ ಸೆಪ್ಟೆಂಬರ್, ಸೋಮವಾರ

ಜ್ವರ. ಬೆರಳ ಗಂಟು, ಮೊಣಕಾಲು, ಪಾದ. ಅಪ್ಪ ಆಟೋದಲ್ಲಿ ಕರೆತಂದರು. ಹೆಂಗಸರ ವಾರ್ಡಿನಲ್ಲಿ ಖಾಲಿ ಇದ್ದದ್ದು ಹನ್ನೆರಡು ಒಂದೇ. ಪೆನ್ನು ಹಿಡಿಯಲು ಆಗುತ್ತಿಲ್ಲ.

೧೩ ಸೆಪ್ಟೆಂಬರ್, ಬುಧವಾರ

ಎರಡು ರಾತ್ರಿ ನಿದ್ದೆ ಇಲ್ಲ. ಜ್ವರಕ್ಕೆ ಎಂದುಕೊಂಡೆ.

ಬೆಳಿಗ್ಗೆ ಕವಿತ ರಕ್ತ ತೆಗೆಯಲು ಬಂದಳು. ಸೂಜಿ ಹಿಡಿದು ನಿಂತು, "ಹೆಸರು ಹೇಳಿ" ಎಂದಳು.

ಆಡಿಕೊಳ್ಳುತ್ತಿದ್ದಾಳೆ, ಇಷ್ಟು ದಿನ ಕಾದಿದ್ದು ಇದಕ್ಕೇ ಎನಿಸಿತು. "ನಿನಗೆ ಗೊತ್ತಿಲ್ವಾ?" ಎಂದೆ.

"ಗೊತ್ತು. ಗೊತ್ತಿದ್ರೂ ಕೇಳ್ಬೇಕು ಅಂತ ರೂಲ್ ಮಾಡಿರೋರು ನೀವೇ. ಹೆಸರು ಹೇಳಿ."

"ಪಂಕಜ."

"ಯಾವೂರು?"

"ಚಿಕ್ಕಬಳ್ಳಾಪುರ."

ನನ್ನ ಮಣಿಕಟ್ಟು ತಿರುಗಿಸಿ, ತಾನೇ ಸೊಟ್ಟಸೊಟ್ಟಗೆ ಬರೆದು ಸುತ್ತಿದ್ದ ಪಟ್ಟಿಯನ್ನು ಒಂದೊಂದೇ ಅಕ್ಷರ ಓದಿದಳು. ಓದಿ ಆದ ಮೇಲೆ ಸೂಜಿ ಚುಚ್ಚಿದಳು. ನೋವಾಗಲಿಲ್ಲ. ಹತ್ತಿ ಒತ್ತಿ ಹಿಡಿದು, ನನ್ನ ಮುಖ ನೋಡದೆ, "ದಿಂಬು ಆ ಕಡೆ ಹಾಕ್ಲಾ ಅಕ್ಕ? ಬಾಟ್ಲಿ ಬೇಕಾಗಲ್ಲ ಇವತ್ತು" ಎಂದಳು.

ಮೇಡಂ ಎನ್ನಲಿಲ್ಲ. ಹಾಕು ಎಂದೆ.

ಈಗ ಗೋಡೆಗೆ ಕಾಲು ಮಾಡಿ ಮಲಗಿದ್ದೇನೆ. ಈ ಕಡೆಯಿಂದ ಬಾಗಿಲು ಕಾಣುತ್ತದೆ, ನನ್ನ ಮೇಜು ಕಾಣುತ್ತದೆ, ಬೋರ್ಡು ಕಾಣುತ್ತದೆ. ಹನ್ನೆರಡರ ಎದುರು ನನ್ನ ಹೆಸರಿದೆ. ಅಕ್ಷರ ನನ್ನದಲ್ಲ. ಸರಿಯಾಗಿದೆ.